ಸೊನ್ನೆ ಬರೆಯಲಾರದವನ ಮೀನೆಣಿಕೆ

ಮಿರಜ ಸ್ಟೇಶನ್ನು

ಪರದೇಶಕ್ಕೆ ಹೋಗಿ ಬಂದವರು ತಾವು ಕಂಡದ್ದನ್ನು ಬರೆಯುತ್ತಾರೆ. ನಾನು ಕಾಣದೇ ಇದ್ದದ್ದನ್ನು ಬರೆಯಲು ಕೂತಿದ್ದೇನೆ. ಹೋಗಿದ್ದು ಮಾಲ್ದೀವಿಗೆ. ಅದರಲ್ಲೂ ತೀರ ದಕ್ಷಿಣದ, ವಾರಕ್ಕೊಂದು ದೋಣಿಯೂ ನೆಟ್ಟಗೆ ಬಾರದ ನಾಲ್ಕು ದ್ವೀಪಗಳಿಗೆ. ಅವುಗಳ ಹೆಸರು ಹೇಳುವುದಿಲ್ಲ. ನಮ್ಮ ಕಡೆಯವರು ಯಾರಾದರೂ ಮುಂದೆ ಅಲ್ಲಿಗೆ ಹೋದರೆ, ಸಾಂಗ್ಲಿಯವರೆಂದು ಹೇಳಿಕೊಂಡು ನನ್ನ ಪಾಲಿನ ಬೈಗಳ ತಿನ್ನುವುದು ಬೇಡ.

ನಾನು ಸಾಂಗ್ಲಿಯ ಒಂದು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಮಾಸ್ತರ. ಮನೆತನದ್ದು ಅರಿಷಿಣದ ವ್ಯಾಪಾರ. ಲಿಂಗವಂತರಾದ್ದರಿಂದ ಮೀನನ್ನು ನಾನು ಬಲ್ಲದ್ದು ಗಾಜಿನ ಭರಣಿಯಲ್ಲಿ, ಔಷಧದ ವಾಸನೆಯ ಜೊತೆಗೆ. ಪುಣೆಯಲ್ಲಿ ನನ್ನ ಜೊತೆ ಓದಿದ ಸುಮತಿಬಾಯಿ ಮಾತ್ರ ರತ್ನಾಗಿರಿ ಕಡೆಯವರು, ಸಮುದ್ರದ ಮೀನುಗಳಲ್ಲಿ ಪಂಡಿತೆ. ಅವರಿಂದ ಒಂದು ಪತ್ರ ಬಂತು. ಆ ದ್ವೀಪಗಳ ಸುತ್ತಲಿನ ಹವಳದ ದಿಬ್ಬಗಳಲ್ಲಿ ಹಣೆ ಉಬ್ಬಿದ, ಆಳೆತ್ತರದ ಒಂದು ಹಸಿರು ಮೀನು ಇದೆಯಂತೆ. ಬಲು ಅಪರೂಪದ್ದು. ಎಷ್ಟು ಉಳಿದಿದೆ ಎಂದು ಅಂದಾಜು ಮಾಡಬೇಕು, ಇಬ್ಬರು ಗಟ್ಟಿ ಈಜುಗಾರರು ಬೇಕು, ಯಾರಾದರೂ ಗೊತ್ತೇ? ಕೃಷ್ಣೆಯಲ್ಲಿ ಈಜಿ ಬೆಳೆದವನು ನಾನೇ ಇರುವಾಗ ಬೇರೆಯವರೇಕೆ ಎಂದು ಮರುಟಪ್ಪಾಲಿಗೆ ಬರೆದೆ. ಪರದೇಶದ ಆಸೆ, ಮತ್ತೇನಲ್ಲ.

ಎರಡನೆಯವನಾಗಿ ದತ್ತೂನ ಹೆಸರು ಕೊಟ್ಟೆ. ಆಗ ನಮ್ಮ ಕಡೆ ಸಕ್ಕರೆ ಸಹಕಾರಿ, ಹಾಲು ಸಹಕಾರಿ, ನೂಲು ಸಹಕಾರಿ, ಹೊಳೆಯಿಂದ ಕಬ್ಬಿಗೆ ನೀರೆತ್ತುವುದೂ ಸಹಕಾರಿ. ದತ್ತೂ ಮ್ಹೈಸಾಳದ ಅಂಥದೊಂದು ನೀರಿನ ಸೊಸೈಟಿಯಲ್ಲಿ ಪಂಪು ನೋಡಿಕೊಳ್ಳುತ್ತಿದ್ದ. ಹೊಳೆಯ ತಳದಲ್ಲಿ ಪೈಪಿನ ಬಾಯಿಗೆ ಕೆಸರು ಕಟ್ಟಿಕೊಂಡಾಗ ಉಸಿರು ಕಟ್ಟಿ ಮುಳುಗಿ ಬಿಡಿಸುವವನು ಅವನೇ. ಅಥಣಿ ಕಡೆಯಿಂದ ಕಬ್ಬು ಕಡಿಯಲು ಬಂದು ನಿಂತ ಮನೆತನ. ತಾಯಿ ಇನ್ನೂ ಕೂಲಿಗೆ ಹೋಗುತ್ತಿದ್ದಳು. ಮನೆಯಲ್ಲಿ ಕನ್ನಡ, ಪಂಪಿನ ಹತ್ತಿರ ಮರಾಠಿ, ನನ್ನ ಜೊತೆ ಎರಡೂ.

ಮಿರಜದಲ್ಲಿ ಗಾಡಿ ಹತ್ತುವಾಗ ನಮ್ಮವ್ವ ಖಡಕ್ ರೊಟ್ಟಿಯ ದೊಡ್ಡ ಡಬ್ಬಿ ನನ್ನ ಕೈಗಿಟ್ಟಳು. "ರೊಟ್ಟಿ ತೀರಿದ್ರ ತೀರಿತು ಅಂತ ಬಾಯಿ ಬಿಡಬ್ಯಾಡ ಮತ್ತ. ಹೆಚ್ಚಾತು ಅನ್ನು" ಎಂದಳು. ನಮ್ಮ ಮನೆಯ ರೀತಿ ಅದು. ಅಕ್ಕಿ ತೀರುವುದಿಲ್ಲ, ಹೆಚ್ಚಾಗುತ್ತದೆ. ದೀಪ ಆರಿಸುವುದಿಲ್ಲ, ದೊಡ್ಡದು ಮಾಡುತ್ತೇವೆ. ಸಂಜೆ ಅಂಗಡಿಯ ಬಾಗಿಲು ಹಾಕುವಾಗ ಅಪ್ಪ ಆಳುಗಳಿಗೆ ಮರಾಠಿಯಲ್ಲಿ "ದುಕಾನ್ ವಾಢವಾ", ಅಂದರೆ ಅಂಗಡಿ ಬೆಳೆಸಿರಿ ಎನ್ನುತ್ತಾರೆ. ಖಾಲಿ ಎಂಬ ಮಾತನ್ನು ನಮ್ಮ ಹೊಸ್ತಿಲೊಳಗೆ ಆಡಿ ಬೈಸಿಕೊಳ್ಳದ ಮಕ್ಕಳಿಲ್ಲ. ಗಿರಾಕಿ ಕೇಳಿದ ಮಾಲು ಇಲ್ಲದಿದ್ದರೂ ಅಪ್ಪನ ಬಾಯಿಂದ "ಇಲ್ಲ" ಹೊರಡಿಸಿದ ಮಗ ಹುಟ್ಟಿಲ್ಲ. "ನಾಳೆ ಬರ್ರಿ" ಅನ್ನುವರು.

ದೋಣಿ

ಕೃಷ್ಣೆಯ ಈಜು ಸಮುದ್ರದಲ್ಲಿ ಎಷ್ಟು ನಡೆಯುತ್ತದೆ ಎಂಬುದು ದೋಣಿಯಲ್ಲಿ ಕೂತ ಅರ್ಧ ಗಂಟೆಗೇ ಗೊತ್ತಾಯಿತು. ಈಜುವ ಮಾತು ದೂರ ಉಳಿಯಿತು, ನಾನು ಕೂತಲ್ಲೇ ಮುಳುಗಿದ್ದೆ. ಹೊಟ್ಟೆಯಲ್ಲಿದ್ದ ಅವ್ವನ ರೊಟ್ಟಿಯೆಲ್ಲ ಹಿಂದೂ ಮಹಾಸಾಗರದ ಪಾಲಾಯಿತು. ದತ್ತೂ ನನ್ನ ಬೆನ್ನು ಸವರುತ್ತ, "ದಂಡಿ ನೋಡ್ರಿ ಸರ್, ನೀರ ನೋಡಬ್ಯಾಡ್ರಿ" ಎನ್ನುತ್ತಿದ್ದ. ನೋಡಲು ದಂಡೆ ಇರಬೇಕಲ್ಲ.

ದೋಣಿ ನಡೆಸುವವರು ಅಲಿಕಾಕಾ. ಅರವತ್ತು ದಾಟಿದ ಮೀನುಗಾರ. ಹರೆಯದಲ್ಲಿ ಮುಂಬೈಯ ಹಡಗುಕಟ್ಟೆಯಲ್ಲಿ ದುಡಿದವರಾದ್ದರಿಂದ ತಕ್ಕಮಟ್ಟಿಗೆ ಹಿಂದಿ ಬರುತ್ತಿತ್ತು. ಅವರನ್ನು ಮೊದಲು ಕಾಕಾ ಎಂದವನು ದತ್ತೂ. ಎರಡು ದಿನದಲ್ಲಿ ಊರಿನ ಮಕ್ಕಳೂ ಹಾಗೇ ಕರೆಯತೊಡಗಿದವು.

ನಾವು ಉಳಿದ ದ್ವೀಪವನ್ನು ಒಂದು ಬೀಡಿ ಸೇದಿ ಮುಗಿಸುವುದರಲ್ಲಿ ಅಡ್ಡ ದಾಟಬಹುದಿತ್ತು. ಬೀದಿಯೆಲ್ಲ ಬಿಳಿ ಮರಳು. ಬೆಳಗಾಗುತ್ತಲೇ ಹೆಂಗಸರು ಮನೆಯ ಮುಂದಿನ ಮರಳನ್ನು ಗುಡಿಸಿ, ಕಸಬರಿಗೆಯ ಗೆರೆ ಎದ್ದು ಕಾಣುವಂತೆ ಬಿಡುತ್ತಿದ್ದರು. ನಮ್ಮಲ್ಲಿ ಅಂಗಳ ಸಾರಿಸಿ ರಂಗೋಲಿ ಹಾಕಿದ ಮೇಲೆ ತುಳಿಯಲು ಹೆದರುವ ಹಾಗೆ ನಾನು ಅಂಚಿನಲ್ಲೇ ನಡೆಯುತ್ತಿದ್ದೆ. ಅವರಿಗೆ ನಗು. ಅದಕ್ಕಿಂತ ದೊಡ್ಡ ನಗು ಊಟದ್ದು. ಮೀನು ಎಣಿಸಲು ಬಂದವನು ಮೀನು ತಿನ್ನುವುದಿಲ್ಲ ಎಂಬ ಸುದ್ದಿ ಮನೆಮನೆ ಸುತ್ತಿತು. ನನಗೆ ಜಡ್ಡಾಗಿದೆಯೆಂದು ತಿಳಿದ ಒಬ್ಬ ಅಜ್ಜಿ ಮೈ ಸುಧಾರಿಸಲೆಂದು ಮೀನಿನದೇ ತಿಳಿಸಾರು ಮಾಡಿ ತಂದಳು. ಅದನ್ನು ದತ್ತೂ ಕುಡಿದ. ಅಜ್ಜಿ ನನ್ನ ಹಣೆ ಮುಟ್ಟಿ ನೋಡಿ ಸಮಾಧಾನಪಟ್ಟು ಹೋದಳು.

ಹಗ್ಗ

ಸಮುದ್ರದ ಮೀನನ್ನು ಒಂದೊಂದಾಗಿ ಎಣಿಸಿ ಮುಗಿಸಲಾಗುವುದಿಲ್ಲ. ಅದಕ್ಕೆ, ನಮ್ಮನ್ನು ಕರೆದುಕೊಂಡು ಬಂದಿದ್ದ ಸುಮತಿಬಾಯಿಯ ಉಪಾಯ ಹೀಗಿತ್ತು. ಹವಳದ ದಿಬ್ಬದ ಮೇಲೆ ಗುರುತು ಹಾಕಿದ ಉದ್ದನೆಯ ಹಗ್ಗ ಬಿಡುವುದು. ಈಜುವವನು ಮುಖಕ್ಕೆ ಗಾಜು, ಬಾಯಿಗೆ ನಳಿಕೆ ಕಟ್ಟಿಕೊಂಡು ಹಗ್ಗದ ಗುಂಟ ತೇಲುತ್ತ, ಎರಡೂ ಮಗ್ಗುಲಿಗೆ ಗೊತ್ತು ಮಾಡಿದಷ್ಟು ದೂರದಲ್ಲಿ ಆ ಮೀನು ಎಷ್ಟು ಕಂಡವೋ ಕೈಯಲ್ಲಿನ ಪಾಟಿಯ ಮೇಲೆ ಬರೆಯುವುದು. ಹೀಗೆ ಅರವತ್ತು ಕಡೆ. ಹಗ್ಗಕ್ಕೆ ಸರಾಸರಿ ಎಷ್ಟು ಎಂದು ತೆಗೆದು, ಇಡೀ ದಿಬ್ಬ ಅಂಥ ಎಷ್ಟು ಹಗ್ಗದ ಅಗಲ ಎಂದು ಗುಣಿಸಿದರೆ ಅಂದಾಜು. ಪಾಟಿಯ ಮೇಲಿನ ಒಂದು ಮೀನು ಕಾಗದದ ಮೇಲೆ ಹತ್ತಾರು ಮೀನಾಗುತ್ತದೆ. ಇದನ್ನು ನಾನೇ ದತ್ತೂನಿಗೆ ಕನ್ನಡದಲ್ಲಿ ಬಿಡಿಸಿ ಹೇಳಿದೆ. ತಿಳಿಯದೆ ಮಾಡಿದೆ ಎನ್ನಲು ನನಗೆ ದಾರಿಯಿಲ್ಲ.

"ಕಾಣಲಿಲ್ಲ ಅಂದ್ರ ಏನ್ ಬರೀಬೇಕ್ರಿ ಸರ್?" ಎಂದು ಅವನು ಕೇಳಿದ.

"ಸೊನ್ನಿ."

"ಹಂಗಾದ್ರ ಅಡ್ಡಿಯಿಲ್ರಿ. ಸೊನ್ನಿ ಬರೀಲಿಕ್ಕೆ ಬರತೈತಿ" ಎಂದು ನಕ್ಕ.

ಆ ಎಣಿಕೆಯ ಮೇಲೆ ದ್ವೀಪದವರ ಒಂದು ನಿರ್ಧಾರ ನಿಂತಿತ್ತು. ದೂರದ ದೇಶದ ಒಂದು ಹಡಗು ಆ ಮೀನನ್ನು ಜೀವಂತವಾಗಿ ಕೊಂಡೊಯ್ಯಲು ಹತ್ತಿರದ ದ್ವೀಪಗಳಿಗೆ ಬಂದು ನಿಂತಿತ್ತು. ಮೀನು ಸಾಕಷ್ಟಿದ್ದರೆ ಹಡಗನ್ನು ಕರೆಯುವುದು, ಇಲ್ಲದಿದ್ದರೆ ದಿಬ್ಬಕ್ಕೆ ಯಾರೂ ಕೈ ಹಚ್ಚದಂತೆ ಕೆಲವು ವರ್ಷ ಮುಚ್ಚುವುದು ಎಂದು ಹಿರಿಯರು ಮಾತಾಡಿಕೊಂಡಿದ್ದರು. ಮುಚ್ಚಬೇಕೆಂದು ಪಟ್ಟು ಹಿಡಿದವರು ಅಲಿಕಾಕಾ ಒಬ್ಬರೇ.

ಮೊದಲ ದಿನ

ನನ್ನ ಮೊದಲ ಹಗ್ಗದಲ್ಲಿ ಎರಡು ಸಿಕ್ಕವು. ಅಷ್ಟು ದೊಡ್ಡ ಜೀವ ಅಷ್ಟು ಸಾವಕಾಶ ತಿರುಗಿ, ಒಂದು ಕಣ್ಣನ್ನು ಹೊರಳಿಸಿ ನನ್ನನ್ನೇ ನೋಡಿತು. ನಳಿಕೆ ಬಾಯಲ್ಲಿದ್ದುದನ್ನು ಮರೆತು "ಅಬಬಬ" ಎಂದು ಉಪ್ಪುನೀರು ಕುಡಿದೆ. ಮೇಲೆ ಬಂದಾಗ ಅಲಿಕಾಕಾ ದೋಣಿಯಿಂದ ಬಾಗಿ, "ಹೈ?", ಇದೆಯೇ, ಎಂದು ಕೇಳಿದರು. "ಹೈ, ಕಾಕಾ! ದೋ!" ಎಂದೆ. ಮುದುಕನ ಮುಖ ಅರಳಿತು.

ಎರಡನೆಯ ಹಗ್ಗದಲ್ಲಿ ಏನೂ ಇರಲಿಲ್ಲ. ತುದಿಯವರೆಗೆ ಹೋದೆ, ಹಿಂದಕ್ಕೆ ತಿರುಗಿ ನೋಡಿದೆ. ಬಣ್ಣಬಣ್ಣದ ಪುಡಿಮೀನು ಬೇಕಾದಷ್ಟು, ನಮ್ಮದು ಇಲ್ಲ. ಪಾಟಿಯ ಮೇಲೆ ಸೊನ್ನೆ ಬರೆಯಬೇಕು. ಪೆನ್ಸಿಲು ಹಿಡಿದ ಕೈ ಅಲ್ಲೇ ನಿಂತಿತು. ಮೇಲೆ ಅಲಿಕಾಕಾ ಕಾಯುತ್ತಿದ್ದಾರೆ. ಇದು ಅವರ ಅಂಗಳ, ಅವರ ಉಗ್ರಾಣ. ಉಂಡ ಮನೆಯ ಉಗ್ರಾಣದಲ್ಲಿ ಇಣುಕಿ ಖಾಲಿ ಎನ್ನುವುದು ಹೇಗೆ? ಅಷ್ಟರಲ್ಲಿ ಬಂಡೆಯ ಬುಡದಲ್ಲಿ ಏನೋ ಕಪ್ಪಗೆ ಅಲುಗಿದಂತಾಯಿತು. ನೆರಳೋ, ಪಾಚಿಯೋ. ಮೀನೇ ಯಾಕಾಗಬಾರದು ಎಂದುಕೊಂಡು ಒಂದು ಎಂದು ಬರೆದೆ.

"ಹೈ?"

"ಹೈ, ಕಾಕಾ. ಏಕ್."

ಮೊದಲ ಸಲ ಬಂಡೆಯ ನೆರಳಾದರೂ ಇತ್ತು. ಮೂರನೆಯ ದಿನದ ಹೊತ್ತಿಗೆ ಅದೂ ಬೇಕಾಗಲಿಲ್ಲ. ಎಲ್ಲಿ ಏನೂ ಕಾಣಲಿಲ್ಲವೋ ಅಲ್ಲಿ ಒಂದು. ಎರಡು ಎಂದು ಎಂದೂ ಬರೆಯಲಿಲ್ಲ, ಅದು ಸುಳ್ಳಾಗುತ್ತದೆ ಎಂದು ನನ್ನ ಮನಸ್ಸು ಹೇಳುತ್ತಿತ್ತು! ಒಂದು ಸುಳ್ಳಲ್ಲ, ಒಂದು ಮರ್ಯಾದೆ. ಹೀಗೆ ನನ್ನನ್ನು ನಾನೇ ಒಪ್ಪಿಸಿಕೊಂಡು ಹದಿನಾರು ಹಗ್ಗಗಳಿಗೆ ಇಲ್ಲದ ಮೀನು ಕಟ್ಟಿದೆ. ಇಷ್ಟು ವರ್ಷ ಮಕ್ಕಳಿಗೆ ಕಂಡದ್ದನ್ನೇ ಬರೆಯಿರಿ ಎಂದು ಪಾಠ ಹೇಳಿದ ಬಾಯಿ ಇದೇ.

ದತ್ತೂ ನೀರಿನಿಂದ ಎದ್ದಾಗಲೂ ಅದೇ ಪ್ರಶ್ನೆ. ಅವನು ಬಹಳ ಸಲ ತಲೆಯಾಡಿಸಿ "ನಹೀ, ಕಾಕಾ" ಎನ್ನುತ್ತಿದ್ದ. ಅಲಿಕಾಕಾ ಅವನಿಗೆ ಕೈ ಕೊಟ್ಟು ಮೇಲೆಳೆಯುತ್ತಿದ್ದರು.

ಎಂಟನೆಯ ದಿನ

ಮಧ್ಯಾಹ್ನ ತೆಂಗಿನ ಮರದ ಕೆಳಗೆ ಊಟಕ್ಕೆ ಕೂತಾಗ ಡಬ್ಬಿಯ ತಳದಲ್ಲಿ ಬರೀ ರೊಟ್ಟಿಯ ಚೂರು ಉಳಿದಿತ್ತು. ದತ್ತೂ ಇಣುಕಿ, "ಖಾಲಿ ಆತಲ್ರಿ ಸರ್" ಎಂದ. "ಹಂಗ ಅನಬಾರ್ದೋ, ಹೆಚ್ಚಾತು ಅನಬೇಕು" ಎಂದು ನಮ್ಮ ಮನೆಯ ರೀತಿಯನ್ನೆಲ್ಲ ವಿವರಿಸಿದೆ. ಅವನು ಕೇಳುತ್ತ ಕೇಳುತ್ತ ಮರಳಿನಲ್ಲಿ ಬೆರಳಾಡಿಸುತ್ತಿದ್ದ.

"ನಿಮ್ಮ ಮನ್ಯಾಗ ನಡೀತೈತ್ರಿ ಸರ್" ಎಂದ ಕೊನೆಗೆ. "ಒಂದ ಡಬ್ಬಿ ತೀರಿದ್ರ ಹಿಂದ ಇನ್ನೊಂದ ಇರತೈತಿ. ನಮ್ಮವ್ವ ದಿನಾ ಮುಂಜಾನೆ ಹಿಟ್ಟಿನ ಗಡಿಗ್ಯಾಗ ಕೈ ಹಾಕಿ ನೋಡಾಕಿ. ಖಾಲಿ ಐತಿ ಅಂದ್ರ ಆವತ್ತ ದೂರದ ತೋಟಕ್ಕಾದ್ರೂ ಕೂಲಿಗೆ ಹೋಗಾಕಿ. ಅಕಿನೂ ಹೆಚ್ಚಾಗೈತಿ ಅಂತ ಕುಂತಿದ್ರ ನಾವು ಉಪಾಸ ಸಾಯ್ತಿದ್ವಿ."

ಚುಚ್ಚಿ ಹೇಳುವ ಹುಡುಗನಲ್ಲ ಅವನು. ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಆದರೆ ನನಗೆ ಕಪಾಳಕ್ಕೆ ಬಿಟ್ಟಂತಾಯಿತು. ಆಗಲೇ ಎದ್ದು ಹೋಗಿ ಸುಮತಿಬಾಯಿಗೆ ಹೇಳಿ ಪಾಟಿಗಳನ್ನು ತಿದ್ದಿಸಬಹುದಿತ್ತು. ಇನ್ನೂ ಹಗ್ಗಗಳಿದ್ದವು, ದಿನಗಳಿದ್ದವು. ನಾಳೆ ಹೇಳೋಣ ಎಂದುಕೊಂಡೆ. ಅಪ್ಪನ ಮಗ ನೋಡಿ.

ಪಾಟಿಗಳ ತಾಳೆ

ಎಣಿಕೆ ಎಷ್ಟು ಗಟ್ಟಿ ಎಂದು ನೋಡಲು ಸುಮತಿಬಾಯಿ ಹತ್ತು ಹಗ್ಗಗಳನ್ನು ನಮ್ಮಿಬ್ಬರಿಂದಲೂ ಬೇರೆ ಬೇರೆಯಾಗಿ ಈಜಿಸಿದ್ದರು. ಹನ್ನೆರಡನೆಯ ದಿನ ಎರಡೂ ಪಾಟಿಗಳ ಲೆಕ್ಕ ಪಕ್ಕಪಕ್ಕ ಬರೆದರು. ಮೂರರಲ್ಲಿ ನಮ್ಮಿಬ್ಬರ ಲೆಕ್ಕವೂ ತಾಳೆಯಾಯಿತು. ಏಳರಲ್ಲಿ ನನ್ನದು ಒಂದು, ದತ್ತೂನದು ಸೊನ್ನೆ.

ಅವರು ಯೋಚಿಸಿ ನನಗೆ ಮರಾಠಿಯಲ್ಲಿ ಹೇಳಿದ್ದು ಇಷ್ಟು: ಈ ಮೀನು ನಾಚಿಕೆಯದು, ಬಂಡೆಯ ಸಂದಿಗೆ ಸರಿದುಬಿಡುತ್ತದೆ. ಇದ್ದದ್ದು ಕಾಣದೆ ಹೋಗುವುದು ಸಹಜ, ಇಲ್ಲದ್ದು ಯಾರಿಗೂ ಕಾಣುವುದಿಲ್ಲ. ಆದ್ದರಿಂದ ದತ್ತೂ ಬಹಳಷ್ಟನ್ನು ತಪ್ಪಿಸಿಕೊಂಡಿದ್ದಾನೆ. ಅವನು ಒಬ್ಬನೇ ಈಜಿದ ಹಗ್ಗಗಳ ಎಣಿಕೆಯನ್ನೂ ಆ ಪ್ರಮಾಣದಲ್ಲಿ ಹೆಚ್ಚಿಸಿ ಹಿಡಿಯಬೇಕು.

ತರ್ಕದಲ್ಲಿ ಎಳ್ಳಷ್ಟೂ ತಪ್ಪಿರಲಿಲ್ಲ. ನನ್ನ ಸುಳ್ಳು ನನ್ನ ಹದಿನಾರು ಹಗ್ಗಗಳಲ್ಲಿ ನಿಲ್ಲದೆ, ಅವನ ನಿಜದೊಳಗೂ ಕೈ ಹಾಕಿತು. ಅವರು ದತ್ತೂನನ್ನು ಕರೆದು, ಬೈಯದೆಯೇ, ನೀರೊಳಗೆ ಕಣ್ಣು ಚೆನ್ನಾಗಿ ತೆರೆಯಬೇಕಪ್ಪಾ ಎಂದರು. ಕೃಷ್ಣೆಯ ರಾಡಿನೀರಿನಲ್ಲಿ ಬೆರಳಿನಿಂದ ತಡವಿ ಪೈಪು ಬಿಡಿಸುವವನಿಗೆ, ಗಾಜಿನಂಥ ನೀರಿನಲ್ಲಿ ಆಳೆತ್ತರದ ಮೀನು ಕಾಣಲಿಲ್ಲವೆಂದು ಹೇಳಿದ ಹಾಗಾಯಿತು. ಅವನು ನನ್ನ ಕಡೆ ನೋಡಿದ.

"ಇರಲಿಲ್ರಿ ಬಾಯಿ" ಎಂದ. "ಇದ್ದಿದ್ರ ಕಾಣ್ತಿತ್ತು."

ನಾನು ಹಗ್ಗ ಸುತ್ತುತ್ತ ಕೂತೆ.

ಹಿರಿಯರ ಸಭೆ

ಹೊರಡುವ ಹಿಂದಿನ ದಿನ ಸಭೆ ಸೇರಿತು. ದೊಡ್ಡ ಹಲಸಿನಂಥ ಮರದ ಕೆಳಗೆ, ಬಲೆಯಂತೆ ಹೆಣೆದ ಹಗ್ಗದ ಕುರ್ಚಿಗಳಲ್ಲಿ ಹಿರಿಯರು ಕಾಲು ಚಾಚಿ ಕೂತಿದ್ದರು. ನಮ್ಮ ಸೊಸೈಟಿಗಳ ಸಭೆಯಂತೆ ಮೈಕಿಲ್ಲ, ಹಾರವಿಲ್ಲ, ಒಬ್ಬರು ಮಾತಾಡುವಾಗ ಇನ್ನೊಬ್ಬರು ಬಾಯಿ ಹಾಕುವುದಿಲ್ಲ. ಸುಮತಿಬಾಯಿ ಅಂದಾಜನ್ನು ಹೇಳಿದರು, ಅಲಿಕಾಕಾ ತಮ್ಮ ಭಾಷೆಗೆ ತಿರುಗಿಸಿದರು. ಅವರೆಲ್ಲ ನೆನೆಸಿದ್ದಕ್ಕಿಂತ ಹೆಚ್ಚು ಮೀನು. ಹಡಗನ್ನು ಕರೆಯಬಹುದು ಎಂದು ಊರ ಮುಖ್ಯಸ್ಥರು ಹೇಳಿದರು.

ಆಮೇಲೆ ಅಲಿಕಾಕಾ ಎದ್ದು ನಿಂತು ತಮ್ಮದೇ ಎರಡು ಮಾತು ಆಡಿದರು. ಕೂತ ಮೇಲೆ ನನ್ನತ್ತ ತಿರುಗಿ ಹಿಂದಿಯಲ್ಲಿ ಅದರ ಅರ್ಥ ಹೇಳಿದರು. "ದಿಬ್ಬ ಬರಿದಾಗಿದೆ ಅಂತ ಎರಡು ವರ್ಷದಿಂದ ಇವರ ಜೊತೆ ಜಗಳಾಡಿದೆ. ಕ್ಷಮೆ ಕೇಳಿದೆ. ನನಗೆ ಕಾಣದ ಕಡೆಯೆಲ್ಲ ಮಾಸ್ತರಿಗೆ ಕಂಡಿದೆ. ಮುದುಕನ ಕಣ್ಣು ಹೋಗಿದೆ, ನನಗೇ ತಿಳಿಯಲಿಲ್ಲ."

ಅಷ್ಟು ದಿನ ಹೊಟ್ಟೆಯೊಳಗಿಟ್ಟುಕೊಂಡದ್ದು ಆಗ ಬಾಯಿಗೆ ಬಂತು. ಶೌರ್ಯವೇನಲ್ಲ. ಆ ಮನುಷ್ಯ ತನ್ನ ಕಣ್ಣನ್ನೇ ಅನುಮಾನಿಸುವುದನ್ನು ಕೂತು ನೋಡಲಾಗಲಿಲ್ಲ, ಅಷ್ಟೆ. "ನಿಮ್ಮ ಕಣ್ಣು ಸರಿ ಇದೆ, ಕಾಕಾ. ಅಲ್ಲಿ ಮೀನಿರಲಿಲ್ಲ. ಇಲ್ಲದ ಕಡೆ ನಾನು ಒಂದೊಂದು ಬರೆದೆ" ಎಂದೆ.

ಅವರು ಅದನ್ನು ಕೂಡಲೇ ಸಭೆಗೆ ತಿರುಗಿಸಿ ಹೇಳಲಿಲ್ಲ. ಮತ್ತೊಮ್ಮೆ ಹೇಳು ಎಂದರು. ಹೇಳಿದೆ. ಯಾವ ಯಾವ ಹಗ್ಗ ಎಂದು ಕೇಳಿದರು. ಸುಮತಿಬಾಯಿಯ ನಕಾಶೆ ತೆಗೆದು ಒಂದೊಂದೇ ಜಾಗಕ್ಕೆ ಬೆರಳಿಟ್ಟು, "ಯಹಾಂ?" ಎನ್ನುತ್ತ ಹೋದರು. "ನಹೀ." "ಯಹಾಂ?" "ನಹೀ, ಕಾಕಾ." ಹದಿನಾರು ಸಲ, ಊರ ಹಿರಿಯರ ಮುಂದೆ. ಯಾಕೆ ಬರೆದೆ ಎಂದು ಅವರು ಕೇಳಿದಾಗ, ನಮ್ಮಲ್ಲಿ ಖಾಲಿ ಎನ್ನುವುದಿಲ್ಲ ಎಂದು ಹೇಳಹೊರಟೆ. ಆ ಮರದ ಕೆಳಗೆ ಆ ಮಾತು ಎಷ್ಟು ಪೊಳ್ಳಾಗಿ ಕೇಳಿಸಿತೆಂದರೆ ನಡುವೆಯೇ ನಿಲ್ಲಿಸಿದೆ.

ಎಲ್ಲ ಸರಿಹೋಗುತ್ತದೆ ಎಂದು ನನಗೆ ಆಗಲೂ ಒಂದು ಆಸೆಯಿತ್ತು. ಹೋಗಲಿಲ್ಲ. ಅಲಿಕಾಕಾ ಎಲ್ಲವನ್ನೂ ಸಭೆಗೆ ತಿರುಗಿಸಿ ಹೇಳಿದ ಮೇಲೆ ಮುಖ್ಯಸ್ಥರು ಕಾಗದಗಳನ್ನು ಮಡಿಚಿ ಸುಮತಿಬಾಯಿಗೆ ಮರಳಿ ಕೊಟ್ಟರು. ನಿನ್ನೆಯವರೆಗೆ ಮೀನು ಇತ್ತು ಅಂದಿರಿ, ಇವತ್ತು ಇಲ್ಲ ಅನ್ನುತ್ತೀರಿ, ಇನ್ನು ನಿಮ್ಮ ಯಾವ ಲೆಕ್ಕ ನಂಬುವುದು ಎಂದರು. ಸುಮತಿಬಾಯಿ ಇನ್ನೊಮ್ಮೆ ಎಣಿಸುತ್ತೇವೆಂದು ಬೇಡಿಕೊಂಡರು. ನಮ್ಮ ಪರವಾನಗಿ ಮರುದಿನಕ್ಕೆ ಮುಗಿಯುತ್ತಿತ್ತು, ಹಡಗು ಪಕ್ಕದಲ್ಲೇ ಕಾಯುತ್ತಿತ್ತು. ದತ್ತೂನ ಪಾಟಿಗಳನ್ನಾದರೂ ನೋಡಿ ಎಂದರು. ಅವನೂ ಇವನ ಊರಿನವನೇ ಅಲ್ಲವೇ ಎಂದು ಯಾರೋ ಕೇಳಿದರು. ಎಣಿಕೆ ನಡೆದೇ ಇಲ್ಲವೆಂದು ಹಿಡಿದು ಈ ಋತುವಿಗೆ ಹಡಗನ್ನು ಬರಗೊಡುವುದೆಂದು ತೀರ್ಮಾನವಾಯಿತು.

ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತಾರೆ. ನನ್ನದು ಹೋದದ್ದು ಸರಿ. ಮರುದಿನ ದೋಣಿಯಲ್ಲಿ ದತ್ತೂ, "ನನ್ನ ಸೊನ್ನಿನೂ ಹೋದುವಲ್ರಿ ಸರ್" ಎಂದ. ಸುಮತಿಬಾಯಿ ಆವತ್ತಿನಿಂದ ಇವತ್ತಿನವರೆಗೆ ನನ್ನ ಜೊತೆ ಮಾತಾಡಿಲ್ಲ.

ಸಾಂಗ್ಲಿ

ಊರಿಗೆ ಬಂದರೆ ಅಪ್ಪ ಆಗಲೇ ಓಣಿಗೆಲ್ಲ ಪೇಢೆ ಹಂಚಿದ್ದರು. ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸುವ ಊರು ನಮ್ಮದು. ನಮ್ಮ ಕಡೆ ಯಾರು ಏನು ಮಾಡಿ ಬಂದರೂ ಒಂದು ಸತ್ಕಾರವಿರುತ್ತದೆ. ನನಗೂ ಒಂದು ಸಭಾಗೃಹದಲ್ಲಿ ಇಟ್ಟರು. ಬೇಡವೆಂದೆ. ವಿನಯವೆಂದು ತಿಳಿದರು. ಸಾವಿರ ಜನಕ್ಕೆ ಕೇಳುವ ಮೈಕಿನಲ್ಲಿ, ಸಮುದ್ರದ ಮೀನನ್ನು ಎಣಿಸಿ ಬಂದ ಸಾಂಗ್ಲಿಯ ಸುಪುತ್ರ ಎಂದರು. ತಲೆಗೆ ಕೇಸರಿ ಫೇಟಾ ಸುತ್ತಿದರು, ಹೆಗಲಿಗೆ ಶಾಲು ಹೊದಿಸಿದರು, ಕೈಗೆ ತೆಂಗಿನಕಾಯಿ ಕೊಟ್ಟರು. ಜೊತೆಗೆ ಹೋಗಿದ್ದ ಮ್ಹೈಸಾಳದ ಪಂಪಿನವನು ಎಂದು ದತ್ತೂನನ್ನೂ ಕರೆದರು. ಅವನಿಗೆ ಶಾಲಿಲ್ಲ, ಬರೀ ಕಾಯಿ. ಹೆಸರನ್ನು ಹೇಳಲು ಮರೆತರು. ಭಾಷಣದಲ್ಲಿ ನಾನು ಬಿಳಿ ಮರಳು, ತಿಳಿಸಾರಿನ ಅಜ್ಜಿ, ಹಾರುವ ಮೀನು ಎಲ್ಲ ಹೇಳಿ ಚಪ್ಪಾಳೆ ಗಿಟ್ಟಿಸಿ ಕೂತೆ. ಹೇಳಬೇಕಾದ್ದನ್ನು ಹೇಳಲಿಲ್ಲ.

ಹೊರಗೆ ಮೆಟ್ಟಿಲ ಹತ್ತಿರ ದತ್ತೂ ತನ್ನ ತಾಯಿಯನ್ನು ಕರೆದುಕೊಂಡು ನಿಂತಿದ್ದ. ಒಗೆದ ಸೀರೆ, ಬಿಸಿಲಿಗೆ ಕರ್ರಗಾದ ಮುಖ. ಮಗನನ್ನು ಪರದೇಶಕ್ಕೆ ಒಯ್ದ ಸರ್ ಅನ್ನು ನೋಡಬೇಕೆಂದು ಒಂದು ದಿನದ ಕೂಲಿ ಬಿಟ್ಟು ಬಂದಿದ್ದಳು. ಮಗ ಮನೆಯಲ್ಲಿ ಏನೂ ಹೇಳಿರಲಿಲ್ಲವೆಂಬುದು ಅವಳ ಮುಖ ನೋಡಿದರೇ ತಿಳಿಯುತ್ತಿತ್ತು.

"ನನ್ನ ಮಗ ಚಲೋ ಎಣಿಸಿದ್ನೇನ್ರಿ ಸರ್?" ಎಂದು ಕೇಳಿದಳು.

ಈ ಸಲ ಬಾಯಿ ತಡವರಿಸಲಿಲ್ಲ. "ಖರೇ ಎಣಿಸಿದಾಂವ ನಿಮ್ಮ ಮಗಾ ಒಬ್ಬನ ಯವ್ವಾ. ನಾ ಎಣಿಸಲಿಲ್ಲ. ನಾ ಸುಳ್ಳ ಬರದೆ. ಈ ಶಾಲು ನಂದಲ್ಲ" ಎಂದು ಹೆಗಲಿನಿಂದ ತೆಗೆದು ದತ್ತೂನ ಮುಂದೆ ಹಿಡಿದೆ. ಅವನು ಕೈ ಚಾಚಲಿಲ್ಲ.

ತಾಯಿಯ ಕಣ್ಣಲ್ಲಿ ನೀರು ಬಂತು. ನನ್ನ ಮುಖದ ಸುತ್ತ ಕೈಯಾಡಿಸಿ ದೃಷ್ಟಿ ತೆಗೆದು, ತನ್ನ ಕಪಾಳಕ್ಕೆ ಒತ್ತಿ ಬೆರಳ ನೆಟಿಗೆ ಮುರಿದಳು. ಮಗನ ಕಡೆ ತಿರುಗಿ, "ನೋಡೋ ದತ್ತೂ, ಕಲ್ತ ಮಂದಿ ಹೆಂಗಿರ್ತಾರ. ತಾವು ಮಾಡಿದ್ದ ಎಲ್ಲಾ ಬಡವರ ಮಕ್ಕಳ ಹೆಸರಿಲೆ ಹೇಳ್ತಾರ" ಎಂದಳು.

"ಹೂಂ ಅವ್ವಾ" ಎಂದ ದತ್ತೂ, ನನ್ನನ್ನು ನೋಡದೆ. "ನಡಿ, ಮ್ಹೈಸಾಳದ ಬಸ್ಸು ಹೊಂಟೈತಿ."